ಬೀಗರ ಮನೆಯ ಕಾಫಿ

ಕನ್ನಡ ಮನರಂಜನಾ ವಾಹಿನಿಗಳ ಧಾರಾವಾಹಿ ವಿಭಾಗದ ಮುಖ್ಯಸ್ಥರಿಗೆ ಮತ್ತು ನಿರ್ಮಾಪಕರಿಗೆ,

ನಮಸ್ಕಾರ.

ನಾನು ದಿನಾ ಬರುವ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವವನು. ಈ ಕೆಲಸಕ್ಕೆ ಬಂದು 11 ವರ್ಷ ಆಯಿತು. ನಿಮ್ಮಲ್ಲಿ ಕೆಲವರಿಗೆ ನನ್ನ ಪರಿಚಯ ಇದೆ. ಉಳಿದವರು ಟೈಟಲ್ ಕಾರ್ಡಿನಲ್ಲಿ ಸರ್ರನೆ ಹಾದುಹೋಗುವ ಹೆಸರುಗಳಲ್ಲಿ ಇವನೂ ಒಬ್ಬ ಅಂದುಕೊಳ್ಳಿ, ಸಾಕು.

ನಾನು ಈಗ ಬರೆಯುತ್ತಿರುವ ಧಾರಾವಾಹಿಯಲ್ಲಿ ದೊಡ್ಡ ಪಾತ್ರ ಮಾಡುತ್ತಿದ್ದ ಕಲಾವಿದೆಯೊಬ್ಬರು ಈ ವಾರ ಬಿಟ್ಟು ಹೋಗುತ್ತಿದ್ದಾರೆ. ಜಗಳವೇನೂ ಇಲ್ಲ, ಮಗಳ ಬಾಣಂತನಕ್ಕೆ ಹೊರಟಿದ್ದಾರೆ. ಸೋಮವಾರದಿಂದ ಆ ಪಾತ್ರಕ್ಕೆ ಬೇರೆಯವರು ಬರುತ್ತಾರೆ. ಹೊಸಬರ ರವಿಕೆ ಅಳತೆ ಆಗಿದೆ. ಮೇಕಪ್ ನೋಡಿದ್ದಾಗಿದೆ. ಪ್ರೋಮೋ ಕೂಡ ಶೂಟ್ ಆಗಿದೆ. ಪಾತ್ರದ ಬಗ್ಗೆ ಮಾತ್ರ ಯಾರೂ ಅವರ ಹತ್ತಿರ ಕೂತು ಮಾತಾಡಿಲ್ಲ. "ನಾನೊಂದು ಗಂಟೆ ಹೋಗಿ ಮಾತಾಡಿ ಬರಲಾ?" ಎಂದು ಕೇಳಿದೆ. "ಬೇಡ ಸರ್. ರೈಟರ್ರು ಆರ್ಟಿಸ್ಟು ಡೈರೆಕ್ಟಾಗಿ ಮಾತಾಡೋದು ಬೇಡ. ಸೆಟ್ಟಲ್ಲಿ ನೋಡ್ಕೋತಾರೆ" ಎಂಬ ಉತ್ತರ ಬಂತು.

ಈ ಪತ್ರ ಆ ಉತ್ತರದ ಬಗ್ಗೆ. ಯಾವ ವಾಹಿನಿ, ಯಾವ ಧಾರಾವಾಹಿ ಎಂದು ಹೇಳುವುದಿಲ್ಲ. ನಾನು ಕೆಲಸ ಮಾಡಿದ ಕಡೆಯೆಲ್ಲ ಇದೇ ಮಾತು ಕೇಳಿದ್ದೇನೆ, ಹಾಗಾಗಿ ಹೆಸರು ಹೇಳಿ ಒಬ್ಬರನ್ನೇ ದೂರುವುದು ನ್ಯಾಯವಲ್ಲ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ.

ಆ ಪಾತ್ರವನ್ನು ಬೀಗಿತ್ತಿ ಎಂದು ಕರೆಯೋಣ. ಮಗಳನ್ನು ದೊಡ್ಡ ಮನೆಗೆ ಕೊಟ್ಟ ಬಡ ತಾಯಿ. 38ನೇ ಕಂತಿನಲ್ಲಿ ಆಕೆ ಮಗಳನ್ನು ನೋಡಲು ಹೋದಾಗ ಬೀಗರ ಮನೆಯ ಹಿರಿಯಳು ಕಾಫಿ ಲೋಟ ಕೊಡುತ್ತಾ, "ಕುಡೀರಿ, ನಿಮ್ಮನೇಲಿ ಇಂಥ ಹಾಲೆಲ್ಲಿ ಸಿಗುತ್ತೆ" ಎನ್ನುತ್ತಾಳೆ. ಬೀಗಿತ್ತಿ ಲೋಟ ಕೆಳಗಿಡುತ್ತಾಳೆ. ಇನ್ನು ಈ ಮನೆಯಲ್ಲಿ ತೊಟ್ಟು ನೀರನ್ನೂ ಮುಟ್ಟುವುದಿಲ್ಲ ಎಂದು ಮಗಳಿಗೆ ಮಾತ್ರ ಕೇಳುವ ಹಾಗೆ ಹೇಳುತ್ತಾಳೆ. ಒಳ್ಳೆಯ ದೃಶ್ಯ. ಬರೆದವನು ನಾನಲ್ಲ. ಆ ಧಾರಾವಾಹಿಗೆ ನಾನು ಸೇರಿದ್ದು 200 ಕಂತು ದಾಟಿದ ಮೇಲೆ. ಹಿಂದಿನದ್ದೆಲ್ಲ ನೋಡಲು ಯಾರಿಗೆ ಪುರುಸೊತ್ತು? ಎರಡು ಪುಟದ ಕಥಾಸಾರ ಕೊಟ್ಟರು, ನಾಳೆಯಿಂದ ಸೀನ್ ಕಳಿಸಿ ಎಂದರು. ಆ ಎರಡು ಪುಟದಲ್ಲಿ ಕಾಫಿ ಇರಲಿಲ್ಲ.

312ನೇ ಕಂತಿನಲ್ಲಿ ನಾನು ಬರೆದೆ: ಬೀಗಿತ್ತಿ ಸೋಫಾದಲ್ಲಿ ಕೂತು ಕಾಫಿ ಕುಡಿಯುತ್ತಾ ಮಗಳ ಹತ್ತಿರ ಮಾತಾಡುತ್ತಾಳೆ. ಸುಮ್ನೆ ಬರೆದದ್ದು. ಕೂತು ಮಾತಾಡುವವರ ಕೈಗೆ ಏನಾದರೂ ಕೆಲಸ ಬೇಕಲ್ಲ, ಅದಕ್ಕೆ. ಸೆಟ್ಟಿನಲ್ಲಿ ಆ ಕಲಾವಿದೆ, "ಸರ್, ಇವಳು ಈ ಮನೇಲಿ ಕಾಫಿ ಕುಡಿಯಲ್ಲ" ಎಂದರಂತೆ. ಅವತ್ತು ಬ್ಯಾಂಕಿಂಗ್ ಇರಲಿಲ್ಲ. ಅಂದರೆ ಮುಂದಿನ ದಿನಗಳಿಗೆ ಅಂತ ಉಳಿಸಿಟ್ಟ ಕಂತು ಒಂದೂ ಇಲ್ಲ, ಬೆಳಗ್ಗೆ ತೆಗೆದದ್ದು ರಾತ್ರಿಯೇ ಪ್ರಸಾರ. ಕಂತಿನ ನಿರ್ದೇಶಕರು ಹೊಸಬರು. "ಮೇಡಂ, ಪೇಪರ್ರಲ್ಲಿ ಹಂಗೇ ಇದೆ, ಮಾಡಿಬಿಡಿ" ಎಂದರು.

ಆಕೆ ವಾದ ಮಾಡಲಿಲ್ಲ. ಲೋಟ ತೆಗೆದುಕೊಂಡರು. ಇಡೀ ದೃಶ್ಯ ಅದನ್ನು ಕೈಯಲ್ಲೇ ಹಿಡಿದುಕೊಂಡು ಮಾತಾಡಿದರು. ಒಂದು ಸಲವೂ ತುಟಿಗೆ ತಾಗಿಸಲಿಲ್ಲ. ಕೊನೆಗೆ ಎದ್ದು ಹೋಗುವಾಗ ತುಂಬಿದ ಲೋಟವನ್ನು ಟೀಪಾಯಿಯ ಮೇಲೆ, ಮಗಳ ಕಡೆಗೆ ಸ್ವಲ್ಪ ಸರಿಸಿ ಇಟ್ಟರು.

ರಾತ್ರಿ ಮನೆಯಲ್ಲಿ ಕೂತು ಟಿವಿ ನೋಡುತ್ತಿದ್ದೆ. ನನಗೆ ಏನೋ ವಿಚಿತ್ರ ಅನ್ನಿಸಿತು. ಪಕ್ಕದಲ್ಲಿದ್ದ ನಮ್ಮಮ್ಮ ಮಾತ್ರ ತಟ್ಟನೆ, "ಸದ್ಯ, ಕುಡೀಲಿಲ್ಲ" ಅಂದರು. ಅಮ್ಮನಿಗೆ 38ನೇ ಕಂತು ನೆನಪಿತ್ತು. ಬರೆಯುವ ಮಗನಿಗೆ ಗೊತ್ತೇ ಇರಲಿಲ್ಲ. ಆ ನಾಚಿಕೆಯನ್ನು ಈಗಲೂ ಮರೆತಿಲ್ಲ.

ಮರುದಿನ ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಗೋಗರೆದು ಆ ಕಲಾವಿದೆಯ ನಂಬರ್ ಪಡೆದು ಫೋನ್ ಮಾಡಿದೆ. "ಅಯ್ಯೋ, ನೀವು ಹೊಸಬ್ರು ಅಂತ ಗೊತ್ತಿತ್ತು ಬಿಡಿ" ಎಂದರು. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಬೀಗಿತ್ತಿ ಯಾವ ಕೈಯಲ್ಲಿ ಚೀಲ ಹಿಡಿಯುತ್ತಾಳೆ, ಅಳಿಯನ ಎದುರು ಯಾಕೆ ಕೂರುವುದಿಲ್ಲ, ಗಂಡ ಸತ್ತದ್ದನ್ನು ಹೇಳುವಾಗ 'ಹೋದರು' ಅನ್ನುತ್ತಾಳೆಯೇ ಹೊರತು 'ಸತ್ತರು' ಅನ್ನುವುದಿಲ್ಲ, ಎಲ್ಲ ಹೇಳಿದರು. ನಾನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದೆ. ಎರಡು ವಾರದ ನಂತರ ಆ ಲೋಟದ ಮೇಲೆಯೇ ಒಂದು ದೃಶ್ಯ ಬರೆದೆ. ಮಗಳು, "ಆರಿ ಹೋಗ್ತಿದೆ ಅಮ್ಮ" ಎನ್ನುತ್ತಾಳೆ. "ಆರಲಿ ಬಿಡು, ನಾನು ನಿನ್ನ ನೋಡಕ್ಕೆ ಬಂದಿದ್ದು" ಎನ್ನುತ್ತಾಳೆ ತಾಯಿ. ಜನ ಆ ತುಣುಕನ್ನು ಫೋನಿನಿಂದ ಫೋನಿಗೆ ಕಳಿಸಿದರು. ವಾಹಿನಿಯವರು ನನ್ನನ್ನು ಹೊಗಳಿದರು. ನನಗೆ ಅದರಲ್ಲಿ ಸೇರಬೇಕಾದ್ದು ಅರ್ಧ ಮಾತ್ರ.

ಆಕೆಗೆ ನೆನಪಿದ್ದದ್ದು ನಮಗ್ಯಾರಿಗೂ ಯಾಕೆ ನೆನಪಿರಲಿಲ್ಲ? ಲೆಕ್ಕ ಸುಲಭ. ಆ ಧಾರಾವಾಹಿಗೆ ಇಲ್ಲಿಯವರೆಗೆ ಸಂಭಾಷಣೆ ಬರೆದವರು ಮೂವರು. ಚಿತ್ರಕಥೆಗೆ ಇಬ್ಬರು. ಕಂತು ನಿರ್ದೇಶಕರು ನಾಲ್ವರು. ನಿಮ್ಮ ಕಡೆಯಿಂದ ಕಥೆ ನೋಡಿಕೊಳ್ಳುವವರೂ ಎರಡು ಸಲ ಬದಲಾದರು. ಮೊದಲ ದಿನದಿಂದ ಕೊನೆಯ ದಿನದವರೆಗೆ ಬೀಗಿತ್ತಿಯ ಜೊತೆ ಇದ್ದದ್ದು ಆ ಕಲಾವಿದೆ ಒಬ್ಬರೇ. ಮತ್ತೆ, ನೋಡುವವರು.

ಕೆಲಸ ಹೇಗೆ ನಡೆಯುತ್ತದೆ ಎಂದು ನಿಮಗೆ ಗೊತ್ತು. ಆದರೆ ಈ ಪತ್ರ ಓದುವ ವೀಕ್ಷಕರಿಗೆ ಗೊತ್ತಿರಬೇಕಲ್ಲ. ಕಥೆಯ ದಾರಿ ಒಂದು ಕೋಣೆಯಲ್ಲಿ ತೀರ್ಮಾನ ಆಗುತ್ತದೆ. ಅದು ಒನ್‌ಲೈನ್ ಆಗಿ, ಅಂದರೆ ಚುಟುಕು ಕಥಾಸಾರವಾಗಿ, ಚಿತ್ರಕಥೆಯವರಿಗೆ ಹೋಗುತ್ತದೆ. ಅಲ್ಲಿಂದ ನನಗೆ ಬರುತ್ತದೆ. ನಾನು ಮಾತು ಬರೆದು ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಸೆಟ್ಟಿನಲ್ಲಿ ಪ್ರಿಂಟ್ ತೆಗೆಯುತ್ತಾರೆ. ಎಷ್ಟೋ ಸಲ ಕಲಾವಿದರು ಆ ಮಾತನ್ನು ಮೊದಲ ಸಲ ಕೇಳುವುದು ಕ್ಯಾಮೆರಾ ಓಡುವಾಗ, ಸಹಾಯಕ ನಿರ್ದೇಶಕ ಬದಿಯಿಂದ ಪ್ರಾಂಪ್ಟ್ ಮಾಡಿದಾಗಲೇ. ಪಾತ್ರ ಇಷ್ಟು ಕೈ ದಾಟಿ ಬರುತ್ತದೆ. ದಾಟುವಾಗ ಒಂದು ಕೈ ಇನ್ನೊಂದು ಕೈಯನ್ನು ನೋಡುವುದೇ ಇಲ್ಲ.

ಅದೇ ಸೆಟ್ಟಿನಲ್ಲಿ ಬಟ್ಟೆಯ ವಿಷಯದಲ್ಲಿ ಎಂಥ ಎಚ್ಚರ ನೋಡಿ. ದೃಶ್ಯ ಮುಗಿದ ಕೂಡಲೇ ಒಬ್ಬ ಹುಡುಗ ಬಂದು ಫೋಟೋ ತೆಗೆಯುತ್ತಾನೆ. ಬಳೆ ಎಷ್ಟಿತ್ತು, ಸೆರಗು ಹೇಗಿತ್ತು, ಕುಂಕುಮ ದೊಡ್ಡದೋ ಚಿಕ್ಕದೋ. ಮೂರು ದಿನ ಬಿಟ್ಟು ಮುಂದಿನ ಶಾಟ್ ತೆಗೆದರೂ ಬಳೆ ಸರಿಯಾಗಿರುತ್ತದೆ. ಇದಕ್ಕೆ ಕಂಟಿನ್ಯುಟಿ ಎನ್ನುತ್ತೇವೆ. ಆ ಹೆಂಗಸು ಮೈದುನನನ್ನು 'ನೀನು' ಎನ್ನುತ್ತಿದ್ದಳೋ 'ನೀವು' ಎನ್ನುತ್ತಿದ್ದಳೋ, ಅದನ್ನು ಯಾರೂ ಬರೆದಿಡುವುದಿಲ್ಲ.

ನಮ್ಮ ಭಾಷೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಗಂಡನನ್ನು 'ರೀ' ಅನ್ನುತ್ತಿದ್ದವಳು ಒಂದು ದಿನ ಸಿಟ್ಟಿನಲ್ಲಿ 'ನೀನು' ಎಂದರೆ ಅದೇ ಒಂದು ಕಂತಿನ ಕಥೆ. ಅದನ್ನು ಬೇಕೆಂದೇ ಬಳಸಬೇಕು. ನಾವೇನು ಮಾಡುತ್ತೇವೆ? ಸೋಮವಾರ ನಾನು 'ನೀವು' ಬರೆಯುತ್ತೇನೆ. ಬುಧವಾರ ನನಗೆ ಜ್ವರ, ಬೇರೆಯವರು 'ನೀನು' ಬರೆಯುತ್ತಾರೆ. ಒಂದೂವರೆ ವರ್ಷದ ಮದುವೆಯಲ್ಲಿ ನಡೆಯಬೇಕಾದ ದೊಡ್ಡ ಜಗಳ ಹೀಗೆ ಯಾರಿಗೂ ಗೊತ್ತಾಗದೆ ಆಗಿಹೋಗುತ್ತದೆ.

ಪ್ರಾಂತ್ಯದ ಮಾತಿನ ಕಥೆ ಇನ್ನೂ ಕಷ್ಟ. ಹುಬ್ಬಳ್ಳಿ ಕಡೆಯ ಪಾತ್ರ ಬೇಕು ಎನ್ನುತ್ತೀರಿ. ಬೆಂಗಳೂರಿನಲ್ಲಿ ಬೆಳೆದ ನಾನು ಪ್ರತಿ ಮಾತಿನ ಕೊನೆಗೂ 'ರೀ' ಸೇರಿಸಿ ಕಳಿಸುತ್ತೇನೆ. ಆ ಕಡೆಯಿಂದಲೇ ಬಂದ ಕಲಾವಿದರೊಬ್ಬರು ಒಮ್ಮೆ ನಕ್ಕು, "ಸರ್, ನಾವು ನಮ್ಮವ್ವನ ಹತ್ರ ಹಿಂಗ ಮಾತಾಡಂಗಿಲ್ರಿ" ಎಂದರು. ತಾಯಿಗೆ ಏಕವಚನ, ಅಂಗಡಿಯವನಿಗೆ ಬಹುವಚನ. ಎಷ್ಟು ಸರಿ ಅಲ್ವಾ? ಅವರು ಸೆಟ್ಟಿನಲ್ಲಿ ಮಾತು ತಿದ್ದಿಕೊಂಡು ಆಡುತ್ತಿದ್ದರು. ಒಂದು ಯೂನಿಟ್ಟಿನವರು ಬಿಡುತ್ತಿದ್ದರು, ಇನ್ನೊಂದು ಯೂನಿಟ್ಟಿನವರು ಪೇಪರಿನಲ್ಲಿ ಇದ್ದದ್ದೇ ಬೇಕು ಎನ್ನುತ್ತಿದ್ದರು. ಹಾಗಾಗಿ ಆ ಮನುಷ್ಯ ವಾರದಲ್ಲಿ ಮೂರು ದಿನ ಹುಬ್ಬಳ್ಳಿಯವನು, ಎರಡು ದಿನ ಮಲ್ಲೇಶ್ವರದವನು.

ಚೆನ್ನಾಗಿ ನಡೆದದ್ದೂ ಇದೆ, ಸುಳ್ಳು ಹೇಳಬಾರದು. ಟಿ.ಎನ್. ಸೀತಾರಾಂ ತಾವೇ ಬರೆದು, ನಿರ್ದೇಶಿಸಿ, ತಾವೇ ಸಿ.ಎಸ್.ಪಿ. ಎಂಬ ವಕೀಲರಾಗಿ ಕೋರ್ಟಿನಲ್ಲಿ ನಿಂತರು. ಬರೆಯುವ ಕೈ, ಆಡುವ ಬಾಯಿ ಎರಡೂ ಒಬ್ಬರದೇ. ಆ ವಕೀಲ ಒಂದು ಧಾರಾವಾಹಿಯಿಂದ ಇನ್ನೊಂದಕ್ಕೆ ಬಂದರೂ ಜನಕ್ಕೆ ಅದೇ ಮನುಷ್ಯ ಅನ್ನಿಸಿತು. 'ಕನ್ನಡತಿ'ಯಲ್ಲಿ ರಂಜನಿ ರಾಘವನ್ ಮಾಡಿದ ಭುವನೇಶ್ವರಿ ಕನ್ನಡ ಪಾಠ ಹೇಳುವವಳು. ಸರಿಯಾದ ಕನ್ನಡ ಯಾವುದು ಎಂದು ಆಕೆ ಜನಕ್ಕೂ ಹೇಳಿಕೊಡುತ್ತಿದ್ದಳು. ಅಂಥವಳ ಬಾಯಲ್ಲಿ ಒಂದು 'ಬಟ್' ಬಂದಿದ್ದರೆ ನೋಡುವವರು ಹಿಡಿದುಬಿಡುತ್ತಿದ್ದರು. ರಂಜನಿ ಸ್ವತಃ ಕಥೆ ಬರೆಯುವವರು. ಬರೆಯುವುದೂ ಆಡುವುದೂ ಒಬ್ಬರಲ್ಲೇ ಇದ್ದರೆ ಪಾತ್ರದ ಮಾತು ಅಷ್ಟು ಸುಲಭಕ್ಕೆ ಜಾರುವುದಿಲ್ಲ. ಆದರೆ ಎಲ್ಲರೂ ಎರಡೂ ಕೆಲಸ ಮಾಡಲಾರರು. ಇಬ್ಬರನ್ನು ಒಂದು ಕೋಣೆಯಲ್ಲಿ ಕೂರಿಸಲು ಆಗುವುದಿಲ್ಲವೇ ಎಂಬುದಷ್ಟೇ ನನ್ನ ಪ್ರಶ್ನೆ.

ಹೊರಗಿನ ಉದಾಹರಣೆ ಕೊಟ್ಟರೆ ನೀವು ಬೇಗ ಒಪ್ಪುತ್ತೀರಿ ಎಂಬುದು ನನ್ನ ಅನುಭವ. ಅದನ್ನೂ ಕೊಡುತ್ತೇನೆ.

ಅಮೆರಿಕದ 'ಸ್ಟಾರ್ ಟ್ರೆಕ್' 1966ರಲ್ಲಿ ಶುರುವಾಯಿತು. ಅದರಲ್ಲಿ ಸ್ಪಾಕ್ ಎಂಬ ಪಾತ್ರ. ಬೇರೆ ಗ್ರಹದವನು, ಎಲ್ಲವನ್ನೂ ತರ್ಕದಿಂದ ನೋಡುವವನು. ಒಂದು ಕಂತಿನಲ್ಲಿ ಅವನು ಹಿಂದಿನಿಂದ ಬಂದು ಬಂದೂಕಿನ ಹಿಡಿಯಿಂದ ಎದುರಾಳಿಯ ತಲೆಗೆ ಹೊಡೆಯುತ್ತಾನೆ ಎಂದು ಬರೆದಿದ್ದರು. ಸ್ಪಾಕ್ ಆಗಿದ್ದ ಲಿಯೊನಾರ್ಡ್ ನಿಮೋಯ್‌ಗೆ ಇದು ಒಪ್ಪಿಗೆ ಆಗಲಿಲ್ಲ. ಇಷ್ಟು ಮುಂದುವರಿದ ಜನಾಂಗದವನು ರೌಡಿಯ ಹಾಗೆ ಬಡಿಯುತ್ತಾನಾ? ಕುತ್ತಿಗೆಯ ಹತ್ತಿರ ಬೆರಳಿನಿಂದ ಒತ್ತಿದರೆ ಸಾಕು, ಎದುರಿನವನು ಕುಸಿಯಲಿ ಎಂದು ಅವರು ಸೂಚಿಸಿದರು. ಎದುರಿಗಿದ್ದ, ಕ್ಯಾಪ್ಟನ್ ಪಾತ್ರದ ವಿಲಿಯಂ ಶಾಟ್ನರ್ ನಂಬುವ ಹಾಗೆ ಬಿದ್ದುಕೊಟ್ಟರು. ಆಮೇಲೆ ಬರೆಯುವವರು ಅದನ್ನೇ ಸ್ಪಾಕ್‌ನ ಗುರುತು ಮಾಡಿಕೊಂಡರು. ಮೂರನೇ ಸೀಸನ್‌ನಲ್ಲಿ ಒಂದೇ ರೂಪದ ಇಬ್ಬರು ಕ್ಯಾಪ್ಟನ್‌ಗಳು ಎದುರು ನಿಂತಾಗ ಸ್ಪಾಕ್‌ಗೆ ನಿಜವಾದವನು ಯಾರು ಎಂದು ತಿಳಿಯುವುದಿಲ್ಲ ಎಂದು ಬರೆದಾಗ ನಿಮೋಯ್ ನಿರ್ಮಾಪಕರಿಗೆ ತಕರಾರನ್ನು ಬರೆದೇ ಕೊಟ್ಟರು. ಬರೆದು ಕೊಡುವ ಧೈರ್ಯ ನಮ್ಮಲ್ಲಿ ಎಷ್ಟು ಕಲಾವಿದರಿಗಿದೆ? ಬರೆದು ಕೊಟ್ಟರೆ ಮುಂದಿನ ವಾರ ಪಾತ್ರ ಹಾಸಿಗೆ ಹಿಡಿಯುತ್ತದೆ, ಅದರ ಮುಂದಿನ ವಾರ ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಫೋಟೋ ಆಗುತ್ತದೆ.

ಅಮೆರಿಕದ್ದೇ ಪತ್ತೇದಾರಿ ಧಾರಾವಾಹಿ 'ಕೊಲಂಬೊ' ನನಗೆ ಇದಕ್ಕಿಂತಲೂ ಇಷ್ಟ. ಆ ಪತ್ತೇದಾರ ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ, ಇನ್ನೊಂದೇ ಒಂದು ವಿಷಯ ಎಂದು ಶುರು ಮಾಡುತ್ತಾನೆ. ಅದು ಹುಟ್ಟಿದ್ದು ಬರೆಯುವವರ ಸೋಮಾರಿತನದಿಂದ. ಆ ಪಾತ್ರವನ್ನು ಹುಟ್ಟುಹಾಕಿದ ಬರಹಗಾರರು ಲೆವಿನ್ಸನ್ ಮತ್ತು ಲಿಂಕ್ ಒಂದು ನಾಟಕದ ದೃಶ್ಯ ಟೈಪ್ ಮಾಡಿ ಮುಗಿಸಿದಾಗ ಅದು ಚಿಕ್ಕದಾಯಿತು ಅನ್ನಿಸಿತಂತೆ. ಕೊಲಂಬೊ ಆಗಲೇ ಹೊರಗೆ ಹೋಗಿದ್ದ. ಪುಟವನ್ನು ಮತ್ತೆ ಟೈಪ್ ಮಾಡುವ ಬದಲು ಅವನ ತಲೆಯನ್ನು ಮತ್ತೆ ಬಾಗಿಲ ಸಂದಿಯಲ್ಲಿ ತೂರಿಸಿದರು. ನಟ ಪೀಟರ್ ಫಾಕ್ ತಮ್ಮದೇ ಹಳೆಯ ರೇನ್‌ಕೋಟ್ ಹಾಕಿಕೊಂಡು ಬಂದರು. ಒಂದು ಕಡೆಯಿಂದ ಮಾತು, ಇನ್ನೊಂದು ಕಡೆಯಿಂದ ಕೋಟು. ಎರಡನ್ನೂ ಕೊನೆಯವರೆಗೆ ಬಿಡಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ತಾಳಮದ್ದಳೆ ಇಲ್ಲವೇ? ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಹಾಡುವ ಪದ್ಯ ಕವಿಯದು. ಅದಕ್ಕೆ ಆಡುವ ಮಾತು ಅರ್ಥಧಾರಿಯದು. ಕವಿ ಕರ್ಣನಿಗೆ ನಾಲ್ಕು ಸಾಲು ಕೊಟ್ಟಿರುತ್ತಾನೆ, ಅರ್ಧ ಗಂಟೆ ಮಾತಾಡುವವನು ಕಲಾವಿದ. ಆದರೆ ಪದ್ಯ ಬಿಟ್ಟು ಓಡಿಹೋಗುವಂತಿಲ್ಲ. ನಾನು ಕೇಳುತ್ತಿರುವುದು ಇದಕ್ಕಿಂತ ತುಂಬಾ ಕಡಿಮೆ.

ನಿಮ್ಮ ಭಯ ನನಗೆ ಗೊತ್ತು. ಕಲಾವಿದರಿಗೆ ಒಂದು ಸಲ ಬಾಯಿ ಕೊಟ್ಟರೆ ಕಥೆ ಅವರ ಕೈಗೆ ಹೋಗುತ್ತದೆ ಎನ್ನುತ್ತೀರಿ. ಸುಳ್ಳಲ್ಲ. ನನ್ನ ಪಾತ್ರ ಸೋಲಬಾರದು, ಕಪಾಳಕ್ಕೆ ಹೊಡೆಸಿಕೊಳ್ಳಬಾರದು, ಕ್ಲೋಸಪ್ ಇಲ್ಲದೆ ದೃಶ್ಯ ಮುಗಿಯಬಾರದು ಎನ್ನುವವರನ್ನು ನಾನೂ ನೋಡಿದ್ದೇನೆ. ಒಬ್ಬರು ಖಳನ ಪಾತ್ರಕ್ಕೆ ಬಂದು ಆರು ತಿಂಗಳಲ್ಲಿ ಒಳ್ಳೆಯವನಾಗಿಬಿಟ್ಟರು. ಊರ ಜಾತ್ರೆಯಲ್ಲಿ ಜನ ಬೈದರು ಎಂಬುದೇ ಕಾರಣ. ನಾವೇನು ಕಡಿಮೆ? ನನ್ನ ಒಂದು ಅಕ್ಷರ ಬದಲಿಸಿದರೂ ಎರಡು ದಿನ ಮುನಿಸಿಕೊಳ್ಳುವ ಬರಹಗಾರರಿದ್ದಾರೆ. ಮೊದಮೊದಲು ನಾನೂ ಆ ಪೈಕಿಯೇ.

ಬೀಗಿತ್ತಿಯ ಕಲಾವಿದೆಯ ಜೊತೆ ಕದ್ದು ಫೋನಿನಲ್ಲಿ ಮಾತಾಡುತ್ತಾ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. 'ಇವಳು ಇದನ್ನು ಮಾಡುವುದಿಲ್ಲ' ಎಂದು ಹೇಳುವ ಹಕ್ಕು ಅವರದು, ಮೊದಲು ಇದನ್ನು ಯಾವಾಗ ನೋಡಿದ್ದೇವೆ ಎಂದು ತೋರಿಸಬೇಕು. 'ಹಾಗಾದರೆ ಏನು ಮಾಡುತ್ತಾಳೆ' ಎಂದು ತೀರ್ಮಾನಿಸುವ ಕೆಲಸ ನನ್ನದು. ಅವರು ಮಾತು ಬರೆದು ಕಳಿಸುವುದಿಲ್ಲ, ನಾನು ಹೀಗೆ ನೋಡಿ, ಹಾಗೆ ಅಳಿ ಎಂದು ಬರೆಯುವುದಿಲ್ಲ. ಮೂರು ವರ್ಷದಲ್ಲಿ ಎರಡೇ ಸಲ ಜಗಳ ಆಯಿತು. ಒಂದರಲ್ಲಿ ಅವರು ಸರಿ. ಇನ್ನೊಂದರಲ್ಲಿ ನಾನೇ ಸರಿ ಎಂದು ಈಗಲೂ ವಾದಿಸುತ್ತೇನೆ.

ಪಾತ್ರ ಬದಲಾಗಲೇಬಾರದು ಎಂದು ನಾನು ಹೇಳುತ್ತಿಲ್ಲ. ಗುರುವಾರ ಟಿಆರ್‌ಪಿ ಬರುತ್ತದೆ, ಶುಕ್ರವಾರ ಕಥೆಯ ಟ್ರ್ಯಾಕ್ ತಿರುಗುತ್ತದೆ. ಅದು ನಮ್ಮ ಹೊಟ್ಟೆಪಾಡು, ನನಗೂ ಇಎಂಐ ಇದೆ. ಆದರೆ ನಿನ್ನೆಯವರೆಗೆ ಸೊಸೆಗೆ ವಿಷ ಹಾಕುತ್ತಿದ್ದವಳು ಇವತ್ತು ದೇವರ ಮನೆಯಲ್ಲಿ ಕಣ್ಣೀರು ಹಾಕಿದರೆ ಜನ ನಗುತ್ತಾರೆ. 'ಮ್ಯಾಶ್' ಎಂಬ ಅಮೆರಿಕದ ಧಾರಾವಾಹಿ 1972ರಿಂದ 1983ರವರೆಗೆ ಬಂತು, ಅದರ ಕಥೆ ನಡೆಯುವ ಕೊರಿಯಾ ಯುದ್ಧವೇ ಮೂರು ವರ್ಷದ್ದು! ಅದರಲ್ಲಿ ಮಾರ್ಗರೆಟ್ ಎಂಬ ನರ್ಸ್ ಪಾತ್ರ ಮೊದಲು ಬರೀ ಗೇಲಿಗೆ ಇದ್ದದ್ದು. ಕೊನೆಗೆ ಪೂರ್ತಿ ಮನುಷ್ಯಳಾದಳು. ಅದನ್ನು ಮಾಡಿದ ಲೊರೆಟ್ಟಾ ಸ್ವಿಟ್, ಮಾರ್ಗರೆಟ್‌ಗೆ ಆದ ಒಂದೊಂದು ಪೆಟ್ಟನ್ನೂ ಮುಂದಿನ ಕಂತಿಗೆ ಜೊತೆಯಲ್ಲೇ ಒಯ್ದೆ ಎಂಬ ಅರ್ಥದ ಮಾತು ಹೇಳಿದ್ದಾರೆ. ನಮ್ಮಲ್ಲೂ ಖಳನಾಯಕಿ ಒಳ್ಳೆಯವಳಾಗಲಿ. ಆದರೆ ಹಿಂದಿನ 400 ಕಂತನ್ನು ಹೆಗಲ ಮೇಲೆ ಹೊತ್ತುಕೊಂಡು ಬರಲಿ. ಅದಕ್ಕೆ ಆ ಕಲಾವಿದೆಗೆ ಹದಿನೈದು ದಿನ ಮೊದಲು ವಿಷಯ ಗೊತ್ತಿರಬೇಕು. ಕ್ಯಾಮೆರಾ ಎದುರು ನಿಂತ ಮೇಲೆ ಅಲ್ಲ.

2023ರಲ್ಲಿ ಅಮೆರಿಕದ ಬರಹಗಾರರು 148 ದಿನ ಮುಷ್ಕರ ಮಾಡಿದರು. ದುಡ್ಡಿನ ಬೇಡಿಕೆಗಳ ಜೊತೆ, ಚಿತ್ರೀಕರಣ ನಡೆಯುವಾಗಲೂ ಬರೆದವರನ್ನು ಉಳಿಸಿಕೊಳ್ಳಿ ಎಂಬುದೂ ಇತ್ತು. ನಾನು ಮುಷ್ಕರ ಮಾಡುವ ಸ್ಥಿತಿಯಲ್ಲಿ ಇಲ್ಲ. ನಾನು ನಿಲ್ಲಿಸಿದರೆ ಸಂಜೆಯೊಳಗೆ ಇನ್ನೊಬ್ಬ ಬರೆದು ಕಳಿಸುತ್ತಾನೆ. ಅವನೂ ಬೀಗಿತ್ತಿಗೆ ಕಾಫಿ ಕುಡಿಸುತ್ತಾನೆ.

ಹಾಗಾಗಿ ಕೇಳುವುದು ಇಷ್ಟೇ. ಮುಖ್ಯ ಪಾತ್ರಗಳಿಗೆ ಒಂದೊಂದು ನೋಟ್‌ಬುಕ್ ಇರಲಿ. ಯಾರನ್ನು ಏನೆಂದು ಕರೆಯುತ್ತಾಳೆ, ಯಾವುದಕ್ಕೆ ಹೆದರುತ್ತಾಳೆ, ಯಾವ ಮಾತು ಕೊಟ್ಟಿದ್ದಾಳೆ. ಅದನ್ನು ಬರೆಯುವವರೂ ಆಡುವವರೂ ಇಬ್ಬರೂ ತುಂಬಲಿ. ತಿಂಗಳಿಗೆ ಒಂದು ಸಲ ಇಬ್ಬರನ್ನೂ ಒಂದು ಗಂಟೆ ಕೂರಿಸಿ. ಲೈಟ್ ಸೆಟ್ ಆಗುವಷ್ಟು ಹೊತ್ತು ಸಾಕು, ಅದಕ್ಕೆ ಬೇರೆ ಖರ್ಚಿಲ್ಲ. ಫೋನ್ ಮಾಡಿದರೆ ಅದನ್ನು ಶಿಸ್ತುಭಂಗ ಅನ್ನಬೇಡಿ. ಪಾತ್ರಕ್ಕೆ ಬೇರೆಯವರು ಬಂದಾಗ 'ಇನ್ನು ಮುಂದೆ ಈ ಪಾತ್ರದಲ್ಲಿ' ಎಂದು ಪರದೆಯ ಮೇಲೆ ಹಾಕಿ ಕೈತೊಳೆದುಕೊಳ್ಳಬೇಡಿ. ಹಳಬರು ಹೊಸಬರ ಜೊತೆ ಒಂದು ಮಧ್ಯಾಹ್ನ ಕಳೆಯಲಿ.

ನಮ್ಮ ಕಲಾವಿದೆ ಅದಕ್ಕೂ ಒಪ್ಪಿದ್ದಾರೆ. ಶನಿವಾರ ರಾತ್ರಿ ಅವರಿಗೆ ಬಸ್ಸು. ಮಧ್ಯಾಹ್ನದವರೆಗೆ ಬಿಡುವಿದೆ. ನೋಟ್‌ಬುಕ್ ನನ್ನ ಹತ್ತಿರ ಇದೆ, 64 ಪುಟ, ಮೊದಲ ಎರಡು ಪುಟದಲ್ಲಿ ನನ್ನ ಮಗಳ ಮಗ್ಗಿ ಇದೆ, ಅದನ್ನು ಬಿಟ್ಟು ಓದಬಹುದು. ನಿಮ್ಮ ಕಡೆಯಿಂದ ಒಂದು ಹೂಂ ಸಿಕ್ಕರೆ ಹೊಸಬರ ಮನೆಗೆ ನಾವೇ ಹೋಗಿ ಬರುತ್ತೇವೆ.

ಸ್ವಲ್ಪ ಅವಸರ ಇದೆ. ಯಾಕೆಂದರೆ ಬೀಗಿತ್ತಿ ಆ ಮನೆಯ ಕಾಫಿಯನ್ನು ಇವತ್ತಿಗೂ ಕುಡಿದಿಲ್ಲ. ಆ ಒಂದು ಗುಟುಕನ್ನು ಕೊನೆಯ ವಾರಕ್ಕೆ ಎಂದು ನಾವಿಬ್ಬರೂ ಉಳಿಸಿಟ್ಟಿದ್ದೇವೆ. ಸೋಮವಾರದ ಮೂರನೇ ದೃಶ್ಯದಲ್ಲಿ ಮಗಳು ತಾಯಿಗೆ ಲೋಟ ತಂದು ಕೊಡುತ್ತಾಳೆ.

ಇತಿ,
ನಿಮ್ಮ ಧಾರಾವಾಹಿಗಳ ಒಬ್ಬ ಸಂಭಾಷಣೆಕಾರ